ವಾಕ್ಯ ಮುಗಿಯುವವರೆಗೆ

ಈ ಹುಡುಗಿ ಏನು ಗೊಣಗುತ್ತಾಳೆ? ಅಮೃತೇಶನಿಗೆ ಕೈ ನೋವಿಗಿಂತ ಹೆಚ್ಚು ಕಾಡುತ್ತಿದ್ದುದು ಇದೇ.

ಬೈಕಿನಿಂದ ಬಿದ್ದು ಎಡಗೈ ಮುರಿದಿತ್ತು. ಮೂಳೆ ಕೂಡಿದರೂ ನಡುಕ ನಿಂತಿರಲಿಲ್ಲ. ಹದಿನಾರು ಎಂಬ ಊರಿನ ಮನೆಯಲ್ಲಿ ಬೆಳಿಗ್ಗೆ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸುತ್ತಿದ್ದವನು, ಬಿದ್ದೀತೆಂಬ ಭಯಕ್ಕೆ ಅದನ್ನು ಕರಡಿಗೆಯಿಂದ ತೆಗೆಯುವುದನ್ನೇ ಬಿಟ್ಟಿದ್ದ. ಅವ್ವ ಮಂಗಳಗೌರಿ ಏನೂ ಅನ್ನುತ್ತಿರಲಿಲ್ಲ. ಅವನಿಗೆ ಅದೇ ಹೆಚ್ಚಿನ ಸಂಕಟ.

ತಿ. ನರಸೀಪುರದ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಸುವಾರ್ತಾ ಅವನ ಅಂಗೈ ಮೇಲೆ ಪುಟ್ಟ ಮರಳಿನ ಚೀಲ ಇಡುತ್ತಿದ್ದಳು. ಆಮೇಲೆ ಕಣ್ಣು ಅರ್ಧ ಮುಚ್ಚಿ, ತುಟಿಯಲ್ಲೇ ಏನೋ ಹೇಳಿಕೊಳ್ಳುವಳು. ಮುಗಿದ ಮೇಲೆ "ಇಳಿಸಿ" ಅನ್ನುವಳು. ಆ ತುಟಿಗಳನ್ನೇ ನೋಡುತ್ತಾ ಎಷ್ಟೋ ಸಲ ಚೀಲ ಬೀಳಿಸಿದ್ದ. ತಪ್ಪು ಕೈಯದಲ್ಲ ಬಿಡಿ.

"ಮೇಡಂ, ಫೋನಲ್ಲಿ ಟೈಮರ್ ಇಲ್ವಾ?"

"ಇದೆ. ಅದು ಧೈರ್ಯ ಹೇಳಲ್ಲ."

"ಅಂಗಾದ್ರೆ ಆ ಮಾತ್ನ ಜೋರಾಗೇ ಏಳಿ. ನಂಗೂ ಒಸಿ ಧೈರ್ಯ ಬರ್ಲಿ."

ಅವಳು ನಕ್ಕಳು. ಎಡಗೆನ್ನೆಯಲ್ಲಿ ಮಾತ್ರ ಗುಳಿ ಬಿತ್ತು. "ಬೈಬಲಿನ ವಾಕ್ಯ ಕಣ್ರೀ. ಕಷ್ಟ ತಾಳ್ಮೆ ಕಲಿಸುತ್ತೆ, ತಾಳ್ಮೆ ಮನುಷ್ಯನ್ನ ಗಟ್ಟಿ ಮಾಡುತ್ತೆ, ಆಮೇಲೆ ಭರವಸೆ ಹುಟ್ಟುತ್ತೆ. ಆ ಭರವಸೆ ನಮ್ಮನ್ನ ನಾಚಿಕೆಪಡಿಸಲ್ಲ."

"ಕಷ್ಟ ನಂಗೆ ಸಿಟ್ಟು ಬಿಟ್ರೆ ಏನೂ ಕಲಿಸ್ನಿಲ್ಲ."

"ನಂಗೂ ಮೊದ್ಲು ಅಷ್ಟೇ." ಚೀಲ ಸರಿಪಡಿಸಿದಳು. "ಅಪ್ಪಂಗೆ ಸ್ಟ್ರೋಕ್ ಆದಾಗ, ಅವರ ಕೈ ಎತ್ತಿಸ್ತಾ ದಿನಾ ಇದನ್ನೇ ಹೇಳ್ತಿದ್ದೆ."

"ವಾಸಿ ಆಯ್ತಾ?"

"ಇಲ್ಲ. ಹೋಗ್ಬಿಟ್ರು."

"ಮತ್ಯಾಕೆ ಇನ್ನೂ ಅದೇ ಮಾತ್ನ ಏಳ್ತೀರಿ?"

"ಅಪ್ಪ ಮತ್ತೆ ಎದ್ದು ಕೂರಲಿಲ್ಲ ನಿಜ. ಆದ್ರೆ ಅವರು ಹೋದ್ಮೇಲೆ ಹಾಸಿಗೆ ಹಿಡಿದಿದ್ದ ನನ್ನನ್ನ ಇದೇ ಎಬ್ಬಿಸ್ತು."

ನಂಜನಗೂಡಿನ ಬಸ್ಸಿನಲ್ಲಿ ಊರಿಗೆ ಮರಳುವಾಗಲೆಲ್ಲ ಅವನು ಆ ಮಾತನ್ನು ಮೆಲುಕು ಹಾಕಿದ. ವಾಕ್ಯ ಬಾಯಿಪಾಠವಾಯಿತು. ಆ ಗುಳಿಯೂ ಮನಸ್ಸಿನಲ್ಲಿ ಮನೆ ಮಾಡಿತು.

ಒಂದು ಭಾನುವಾರ ಬೆಳಿಗ್ಗೆ ಸ್ನಾನ ಮುಗಿಸಿ, ವಿಭೂತಿ ಧರಿಸಿ, ಕರಡಿಗೆ ಬಿಚ್ಚಿದ. ಲಿಂಗ ಅಂಗೈಗೆ ಬಂದದ್ದೇ ತಡ, ಕೈ ನಡುಗತೊಡಗಿತು. ಬಲಗೈಯಲ್ಲಿ ಸುವಾರ್ತಾಗೆ ಫೋನ್ ಮಾಡಿ ಸ್ಪೀಕರ್ ಹಾಕಿದ.

"ಮೇಡಂ, ಟೈಮರ್ ಬೇಕಿತ್ತು."

"ಚರ್ಚಿಗೆ ಹೊರಟಿದ್ದೆ. ಕೈ ಮೇಲೆ ಏನಿಟ್ಕೊಂಡಿದ್ದೀರಿ?"

"ಲಿಂಗ."

ಆ ಕಡೆ ಕುರ್ಚಿ ಎಳೆದು ಕೂತ ಸದ್ದಾಯಿತು. ಆಮೇಲೆ ಅವಳು ನಿಧಾನವಾಗಿ ಶುರು ಮಾಡಿದಳು. ಕಷ್ಟ, ತಾಳ್ಮೆ ದಾಟಿ ಭರವಸೆಯ ಹತ್ತಿರ ಬರುವಾಗ ದನಿ ಒಡೆಯಿತು. ಅವಳಿಗೆ ಅಪ್ಪನ ನೆನಪಾಗಿದೆ ಎಂದು ಅವನಿಗೆ ಗೊತ್ತಾಯಿತು.

ವಾಕ್ಯ ಮುಗಿಯದೆ ಕೈ ಇಳಿಸುವಂತಿಲ್ಲ. ಅಮೃತೇಶನೇ ಮುಂದುವರಿಸಿದ, "ಆ ಭರವಸೆ ನಮ್ಮನ್ನ ನಾಚಿಕೆಪಡಿಸಲ್ಲ." ಅಂಗೈ ನಡುಗುತ್ತಲೇ ಇತ್ತು. ಲಿಂಗ ಬೀಳಲಿಲ್ಲ.

"ಮೇಡಂ, ಬೀಳ್ನಿಲ್ಲ! ಇನ್ಮೇಲೆ ಕ್ಲಿನಿಕ್ಕಿಗೆ ಬರಾಕೆ ಏನ್ ನೆಪ ಏಳ್ಲಿ? ನಂಗೆ ನಿಮ್ಮನ್ನ ನೋಡ್ದೆ ಇರಾಕಾಗಲ್ಲ."

"ನೆಪ ಇಲ್ದೇನೇ ಬನ್ನಿ." ಅವಳು ಅಳುತ್ತಲೇ ನಕ್ಕಳು. "ನಾನೂ ಕಾಯ್ತಿರ್ತೀನಿ."

ಬಾಗಿಲಲ್ಲಿ ಅವ್ವ ಹೂವು ಹಿಡಿದು ನಿಂತಿದ್ದಳು. ಕಣ್ಣು ಒದ್ದೆಯಾಗಿತ್ತು. "ಯಾರ್ಲಾ ಅದು?"

"ಟೈಮರ್ ಕಣವ್ವಾ."

"ಅಂಗಾ? ಒಂದ್ಸತಿ ಊಟಕ್ ಕರಿ. ನನ್ ಮಗನ ಕೈಗೆ ಧೈರ್ಯ ಏಳ್ಕೊಟ್ಟವಳ್ನ ನಾನೂ ನೋಡ್ಬೇಕು."