ಎದುರಿಗೆ ಕೂತವರ ಸಹಿ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ನಿವೃತ್ತ ಟೀಚರಮ್ಮ ದೂರಿನ ಕೆಳಗೆ ಎಡಗೈ ಹೆಬ್ಬೆಟ್ಟು ಒತ್ತಿದರು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಅವರ ಬಲಗೈ ಸ್ವಾಧೀನ ತಪ್ಪಿತ್ತು. ಅವರಿದ್ದ ಮನೆಯನ್ನು ಕೊಳ್ಳಲು ಯಾರೋ ಬಂದಿದ್ದರಂತೆ. ಬಂದವರ ಕೈಯಲ್ಲಿ, ಮನೆ ಮಾರುವ ಅಧಿಕಾರವನ್ನು ಟೀಚರಮ್ಮನೇ ಕಳೆದ ತಿಂಗಳು ತಮ್ಮನಿಗೆ ಕೊಟ್ಟಂತೆ ಪತ್ರ. ಕೆಳಗೆ ಅವರದೇ ದುಂಡನೆಯ ಸಹಿ, ನೋಟರಿಯ ಮೊಹರು.

"ತಮ್ಮ ಬಂದು ಹೋಗಿ ಮಾಡ್ತಾರಾ?" ಇನ್ಸ್‌ಪೆಕ್ಟರ್ ಕೇಳಿದರು.

"ಅಮ್ಮ ತೀರಿಕೊಂಡ ಮೇಲೆ ಈ ಕಡೆ ತಲೆ ಹಾಕಿಲ್ಲ ಸಾರ್. ಅವನಿಗೆ ಅಕ್ಷರ ತಿದ್ದಿಸಿದ್ದು ನಾನೇ. ಇಬ್ಬರ ಬರಹವೂ ಒಂದೇ ಥರ."

ಎಫ್‌ಐಆರ್ ದಾಖಲಾಯಿತು. "ಮೊಹರು ಬಿದ್ದ ಮೇಲೆ ಎಲ್ಲಾ ನಿಜ ಅಂತ ಅಲ್ವಾ ಸಾರ್?" ಎಂದ ಪೇದೆ. ಇನ್ಸ್‌ಪೆಕ್ಟರಿಗೂ ಅದು ಖಚಿತವಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಬದಲು ಗತ್ತಿನಿಂದ ಜೀಪು ಹತ್ತಿದರು.

ಮೊಹರಿನಲ್ಲಿ ಹೆಸರಿದ್ದ ನೋಟರಿ ಮೇಡಂ ಕನ್ನಡಕ ಏರಿಸಿ ಪತ್ರ ನೋಡಿದರು. "ಬರೆದಿದ್ದೆಲ್ಲ ನಿಜ ಅಂತ ನಾನು ಹೇಳಲ್ಲ. ಇವರು ಇವರೇ, ನನ್ನೆದುರಿಗೆ ಕೂತು, ಸ್ವಂತ ಇಷ್ಟದಿಂದ ಸಹಿ ಹಾಕಿದ್ರು, ಅಷ್ಟಕ್ಕೇ ನಾನು ಸಾಕ್ಷಿ. ಕರೆತಂದವರನ್ನ ಹೊರಗೆ ಕಳಿಸಿ, ಏನು ಬೇಕಮ್ಮಾ ಅಂತ ಅವರನ್ನೇ ಕೇಳ್ತೀನಿ. ಈ ಟೀಚರಮ್ಮನ ತಾಯಿ ಮನೇನ ಮಗಳಿಗೆ ವಿಲ್ ಬರೆದಾಗ ಹಾಸಿಗೆ ಪಕ್ಕ ಕೂತು ಕೇಳಿದ್ದೂ ನಾನೇ."

"ಈ ಸಹಿ?"

"ಟೀಚರಮ್ಮ ಬಂದಿದ್ರೆ ಹೆಬ್ಬೆಟ್ಟು ತಗೋತಿದ್ದೆ. ಬಲಗೈ ಆಡಲ್ಲ ಅಂತ ನೀವೇ ಹೇಳ್ತಿದ್ದೀರಿ, ಅಂಥವರು ಇಷ್ಟು ಚೆಂದ ಬರೀತಾರಾ? ಮೊಹರೂ ನನ್ನದಲ್ಲ." ತಮ್ಮ ಮೊಹರನ್ನು ಪಕ್ಕದಲ್ಲಿ ಒತ್ತಿ ತೋರಿಸಿದರು. ಅಕ್ಷರ ಅವೇ, ಅಳತೆ ಬೇರೆ. ಇನ್ಸ್‌ಪೆಕ್ಟರಿಗೆ ಆಕೆಯ ಮೇಲೆ ನಿಜವಾದ ಗೌರವ ಹುಟ್ಟಿತು.

ಮಂಗಳವಾರ ತಮ್ಮನ ಅಂಗಡಿಯಲ್ಲಿ ಪಂಚರ ಸಮಕ್ಷಮ ಶೋಧನೆ. ಮೇಜಿನ ಡ್ರಾಯರಿನಲ್ಲಿ ನಕಲಿ ಮೊಹರು ಸಿಕ್ಕಿತು, ಜೊತೆಗೆ ಅದಕ್ಕೆ ಮಾದರಿಯಾದ, ತಾಯಿಯ ವಿಲ್‌ನ ಜೆರಾಕ್ಸ್. ಪಂಚನಾಮೆ ಬರೆದು ಬಂಧಿಸಿದರು.

"ಅಕ್ಕನ ಬಲಗೈ ಬಿದ್ದುಹೋಗಿರೋದು ಗೊತ್ತಿಲ್ವಾ?"

ಅವನ ಮುಖ ಬಿಳಿಚಿಕೊಂಡಿತು. "ಯಾವಾಗ? ಯಾರೂ ಹೇಳಲಿಲ್ಲ."

"ನೀನು ಕೇಳಿದ್ಯಾ?"

ಅವನು ವಿಲ್‌ನ ಜೆರಾಕ್ಸ್ ಕಡೆ ಬೆರಳು ತೋರಿಸಿದ. "ಮನೆ ಬರೆಯೋವಾಗ ಅಮ್ಮ ನನ್ನನ್ನ ಒಂದು ಮಾತೂ ಕೇಳಲಿಲ್ಲ ಸಾರ್. ನಾನು ಲೆಕ್ಕಕ್ಕೇ ಇಲ್ಲದವನಾದೆ."

ಸಂಜೆ ಠಾಣೆಯಲ್ಲಿ ಹೇಳಿಕೆ ಕೊಟ್ಟು ಹೊರಟಿದ್ದ ನೋಟರಿ ಮೇಡಂ ಕೈಯನ್ನು ಟೀಚರಮ್ಮ ಎಡಗೈಯಿಂದ ಹಿಡಿದುಕೊಂಡರು. ಕಣ್ಣು ತುಂಬಿತ್ತು.

"ತಲೆ ಮೇಲಿನ ಸೂರು ಉಳಿಸಿದ್ರಿ ತಾಯಿ. ನಿಮ್ಮ ಉಪಕಾರ ಮರೆಯಲ್ಲ. ಇನ್ನೊಂದು ಕೇಳ್ಲಾ? ನನ್ನ ತಮ್ಮನನ್ನೂ ಒಂದು ಸಲ ಎದುರಿಗೆ ಕೂರಿಸ್ಕೊಂಡು, ನಮ್ಮನ್ನೆಲ್ಲ ಹೊರಗೆ ಕಳಿಸಿ, ನಿಂಗೇನು ಬೇಕಪ್ಪಾ ಅಂತ ಕೇಳಿ. ನಾವ್ಯಾರೂ ಕೇಳಿಲ್ಲ."