ಈ ಸಲ ನನ್ನ ದನಿ

ನಮ್ಮ ಮಲಯಾಳದ ಮೇಡ ಮಾಸ, ಏಪ್ರಿಲ್ ತಿಂಗಳ ಸುಡುಬಿಸಿಲು. ಕೊಚ್ಚಿಯ ಸ್ಟುಡಿಯೋದಲ್ಲಿ ನನ್ನ ಕನ್ನಡ ಸಿನಿಮಾಕ್ಕೆ ಡಬ್ಬಿಂಗ್ ನಡೆದಿತ್ತು. ಇಷ್ಟು ವರ್ಷ ಕನ್ನಡದಲ್ಲಿ ಮಲಯಾಳಿ ನಟಿಯಾದ ನನಗೆ ದನಿ ಕೊಡುತ್ತಿದ್ದ ವನಜಾಕ್ಷಿಯಮ್ಮ ತೀರಿಕೊಂಡಿದ್ದರು. ಇನ್ನೊಬ್ಬರ ದನಿ ಬೇಡ, ನಾನೇ ಮಾತಾಡುತ್ತೇನೆ ಎಂದು ನಿರ್ಮಾಪಕರೊಡನೆ ಜಗಳವಾಡಿ ಬಂದಿದ್ದೆ.

ತೆರೆಯ ಮೇಲೆ ನನ್ನ ತುಟಿ ಅಲುಗಿತು. ನಾನು ಬಾಯಿ ತೆರೆಯುವ ಮೊದಲೇ ಹೆಡ್‌ಫೋನಿನಲ್ಲಿ ಆ ಮಾತು ವನಜಾಕ್ಷಿಯಮ್ಮನ ದನಿಯಲ್ಲಿ ಕೇಳಿಸಿತು. ಕೋಣೆಯಲ್ಲಿ ಅವರು ಸದಾ ಜಗಿಯುತ್ತಿದ್ದ ಲವಂಗದ ವಾಸನೆ.

"ಚೇಚಿ, ಟೇಕ್ ಓಕೆ!" ಎಂದ ಸೌಂಡ್ ಎಂಜಿನಿಯರ್ ವರ್ಕಿ. "ಥೇಟ್ ಆ ಅಮ್ಮನ ಹಾಗೇ ಇದೆಯಲ್ಲ!"

"ನಾನಿನ್ನೂ ಬಾಯೇ ಬಿಟ್ಟಿಲ್ಲ ಕಣೋ. ಅಳಿಸು ಅದನ್ನ."

ಮೈಕಿನ ಹತ್ತಿರ ಸರಿದೆ. "ಅಮ್ಮಾ, ಇಷ್ಟು ದಿನ ನೀವು ಹೇಳಿದ್ರಿ. ಈ ಬಾಯಿ ನಂದು. ಸುಮ್ನಿರಿ."

ಮಲಯಾಳದ ಎಳೆತದಲ್ಲೇ ತೆರೆಯ ಮೇಲಿನ ಆ ಮಾತು ಹೇಳಿ ಮುಗಿಸಿದೆ. ಸಿನಿಮಾದಲ್ಲಿ ಈಗ ಇರುವುದು ನನ್ನ ಆ ದನಿಯೇ. ಅದರ ಬೆನ್ನಿಗೇ ಯಾರೋ ಮಾತಾಡಲು ಉಸಿರೆಳೆದುಕೊಳ್ಳುವುದು ಕೇಳಿಸುತ್ತದೆ. ವರ್ಕಿ ಎಷ್ಟು ಅಳಿಸಿದರೂ ಅದು ಹೋಗಲಿಲ್ಲ.