ಗಿಡ್ಡ ಬಾಗಿಲು

ಅವತ್ತು ನಾನು ಅಪ್ಪನ ಮನೆಯ ಹಿತ್ತಲ ಬಾಗಿಲಲ್ಲಿ ನಿಂತು ಕೂದಲು ಒಣಗಿಸಿಕೊಳ್ಳುತ್ತಿದ್ದೆ. ಅಂಗಳದಲ್ಲಿದ್ದ ಎತ್ತರದ ಹುಡುಗನೊಬ್ಬ ನನ್ನನ್ನು ಪಾದದಿಂದ ತಲೆಯವರೆಗೆ ನೋಡಿದ. ಮತ್ತೆ ತಲೆಯಿಂದ ಪಾದದವರೆಗೆ. ಸಾಲದ್ದಕ್ಕೆ ಎಡದಿಂದ ಬಲಕ್ಕೆ.

"ಏನ್ರೀ ಹಾಗೆ ನೋಡ್ತೀರ?"

"ಬಾಗಿಲು ನೋಡ್ತಿದ್ದೀನಿ. ನೀವು ಅಡ್ಡ ನಿಂತಿದ್ದೀರ."

ಗೆದ್ದಲು ತಿಂದ ಬಾಗಿಲು ಬದಲಿಸಲು ಅಪ್ಪ ಬಡಗಿಯನ್ನು ಕರೆಸಿದ್ದು ಆಗ ನೆನಪಾಯಿತು. ನಾಚಿಕೆಯಿಂದ ಪಕ್ಕಕ್ಕೆ ಸರಿಯಲು ಹೋದರೆ, "ಪರವಾಗಿಲ್ಲ, ಒಂದ್ನಿಮಿಷ ಹಾಗೇ ನಿಂತಿರಿ" ಅಂದ.

ಅಡ್ಡ ನಿಂತವಳನ್ನು ಹಾಗೇ ನಿಂತಿರು ಎನ್ನುವವನು ನೋಡುವುದು ಬಾಗಿಲನ್ನೋ, ನನ್ನನ್ನೋ? ಅವತ್ತು ತಲೆಗೆ ಹೊಕ್ಕ ಈ ಗೊಂದಲ, ಮದುವೆಯಾಗಿ, ಮಕ್ಕಳಾಗಿ, ಸೊಂಟ ಹಿಡಿದುಕೊಂಡು ಏಳುವ ವಯಸ್ಸು ಬಂದರೂ ಇಳಿಯಲಿಲ್ಲ.

ಹೊಸ ಬಾಗಿಲು ಚೌಕಟ್ಟಿನ ಸಮೇತ ಬಂತು. ನೋಡಿದರೆ ಗಿಡ್ಡ. ಮೊದಲ ದಿನವೇ ಅಪ್ಪ ಹಣೆ ಚಚ್ಚಿಕೊಂಡರು, ಅಣ್ಣ ಎರಡು ಸಲ. ತಲೆ ಬಗ್ಗಿಸದೆ ಓಡಾಡಿದವಳು ನಾನೊಬ್ಬಳೇ.

"ಏನಪ್ಪಾ ಇದು, ಕೋಳಿಗೂಡಿಗೆ ಮಾಡಿದ್ದಾ?" ಎಂದು ಅಪ್ಪ ರೇಗಿದರು.

"ಹಸಿ ಮರ ಯಜಮಾನ್ರೇ. ಉದ್ದ ಕುಗ್ಗಿಬಿಡ್ತು" ಎಂದು ಅವನು ನೆಲ ನೋಡಿದ.

ಸರಿ ಮಾಡುತ್ತೇನೆಂದು ದಿನಾ ಬಂದ. ಒಂದು ದಿನ ಕೀಲು, ಮರುದಿನ ಚಿಲಕ. ಬಾಯಾರಿಕೆಯಂತೂ ಬಂದ ಕೂಡಲೇ ಶುರುವಾಗುತ್ತಿತ್ತು. ನೀರು ಕೊಡುವಾಗ ನಾನು ಚೊಂಬನ್ನು ನೋಡುತ್ತಿದ್ದೆ, ಅವನು ಚೊಂಬು ಹಿಡಿದ ಕೈಯನ್ನು ನೋಡುತ್ತಿದ್ದ.

"ಇನ್ನೂ ಮುಗೀಲಿಲ್ವಾ ನಿಮ್ಮ ಕೆಲಸ?"

"ಅವಸರ ಮಾಡಿದ್ರೆ ಕೆಲಸ ಕೆಡುತ್ತೆ."

"ಕೆಡೋಕೆ ಇನ್ನೇನು ಉಳಿದಿದೆ?"

ನಕ್ಕುಬಿಟ್ಟ. ಹುಬ್ಬಿನ ತುಂಬ ಮರದ ಪುಡಿ. ಒರೆಸಬೇಕೆನಿಸಿದ್ದು ಸುಳ್ಳಲ್ಲ.

ಕೊನೆಗೆ ಎತ್ತರದ ಬೇರೆ ಬಾಗಿಲು ಕೂರಿಸಿ, ಗಿಡ್ಡ ಬಾಗಿಲನ್ನು ಚೌಕಟ್ಟಿನ ಸಮೇತ ಗಾಡಿಯಲ್ಲಿ ಹೇರಿಕೊಂಡು ಹೋದ. ಸ್ವಲ್ಪ ದಿನಕ್ಕೆ ಮನೆಯವರ ಜೊತೆ ಬಂದು ನನ್ನನ್ನು ಕೇಳಿದ. "ಅಳತೆ ಬರದಿದ್ರೂ ಹುಡುಗ ಒಳ್ಳೆಯವನು" ಎಂದು ಅಪ್ಪ ಒಪ್ಪಿದರು. ಅವನು 'ಇವರು' ಆದರು. ಹೊಸ ಮನೆಗೆ ಬಂದು ನೋಡಿದರೆ ಅಡುಗೆಮನೆಯಿಂದ ಹಿತ್ತಲಿಗೆ ಅದೇ ಗಿಡ್ಡ ಬಾಗಿಲು. "ಒಳ್ಳೆ ಮರ, ಸುಮ್ನೆ ಹಾಳು ಮಾಡೋದ್ಯಾಕೆ" ಅಂದರು.

ಇವರು ಕೆಲಸ ಶುರು ಮಾಡಿದ್ದು ದನದ ಕೊಟ್ಟಿಗೆಯ ಮೂಲೆಯಲ್ಲಿ, ಒಂದು ಗರಗಸ, ಎರಡು ಉಳಿ ಇಟ್ಟುಕೊಂಡು. ಹಸು ಬಾಲ ಬೀಸಿದರೆ ಗೆರೆ ತಪ್ಪುತ್ತಿತ್ತಂತೆ. ಆಮೇಲೆ ಮೆಷಿನ್ ಬಂತು, ಶೆಡ್ ಎದ್ದಿತು. ಒಮ್ಮೆ ಬೆಂಕಿ ಬಿದ್ದು ಶೆಡ್ಡೆಲ್ಲ ಬೂದಿಯಾದಾಗ, ಕೆಲಸದವರು ಅಳುತ್ತಿದ್ದರೆ ಇವರು ಬೂದಿಯಲ್ಲಿ ಕೀಲು ಹೆಕ್ಕುತ್ತಿದ್ದರಂತೆ. ಮತ್ತೆ ಕಟ್ಟಿದರು. ಸುತ್ತಲ ಹಳ್ಳಿಗಳ ಹುಡುಗರಿಗೆಲ್ಲ ಕೆಲಸ ಕಲಿಸಿದರು. ಇವರ ಕಿಟಕಿ ಬಾಗಿಲುಗಳು ಲಾರಿ ಹತ್ತಿ ಪಟ್ಟಣಕ್ಕೆ ಹೋದವು. ಕೂದಲೆಳೆಯಷ್ಟು ತಪ್ಪಿದರೂ ಬಿಚ್ಚಿಸುತ್ತಿದ್ದರಾದ್ದರಿಂದ ಊರವರು ಇಟ್ಟ ಹೆಸರು 'ಮಿಲಿಮೀಟರ್'.

ಅಂಥ ಮಿಲಿಮೀಟರ್ ದಿನಾ ಮಧ್ಯಾಹ್ನ ಕೈಕಾಲು ತೊಳೆದು ಹಿತ್ತಲಿಂದ ಒಳಬರುವಾಗ ತಲೆ ಹೊಡೆಸಿಕೊಳ್ಳುತ್ತಿದ್ದರು. ಢಬ್ ಎಂದರೆ ಊಟ ಬಡಿಸುತ್ತಿದ್ದೆ.

"ಊರಿಗೆಲ್ಲ ಬಾಗಿಲು ಮಾಡ್ತೀರ, ಇದೊಂದು ಬದಲಾಯಿಸೋಕೆ ಆಗಲ್ವಾ?"

"ಇರ್ಲಿ ಬಿಡು. ನಿಂಗೇನೂ ತಗಲಲ್ವಲ್ಲ."

ಮಕ್ಕಳು ಮಲಗಿದಾಗ ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ. "ಅವತ್ತು ನೋಡಿದ್ದು ನನ್ನನ್ನೋ, ಬಾಗಿಲನ್ನೋ?"

"ಬಾಗಿಲನ್ನ" ಎಂದು ಮಗ್ಗುಲು ಬದಲಿಸುತ್ತಿದ್ದರು. ಮೀಸೆಯಡಿ ನಗುತ್ತಿದ್ದರೋ ಇಲ್ಲವೋ, ಅದೂ ತಿಳಿಯುತ್ತಿರಲಿಲ್ಲ. ಒಂದು ದಿನವೂ ಬಾಯಿಬಿಟ್ಟು ನೀನಂದ್ರೆ ಇಷ್ಟ ಅಂದವರಲ್ಲ. ಆಸ್ಪತ್ರೆಯಲ್ಲಿ, ಕೈ ತಣ್ಣಗಾಗುತ್ತಿರುವಾಗಲೂ ಕೇಳಿದೆ. "ಬಾಗಿಲು ಚೆನ್ನಾಗಿತ್ತು" ಅಂದರು. ನನಗೆ ನಗು ಬಂತು, ಅಳು ಬಂತು, ಉತ್ತರ ಮಾತ್ರ ಬರಲಿಲ್ಲ.

ಮೊನ್ನೆ ಶೆಡ್ಡಿನಲ್ಲಿ ಇವರ ಫೋಟೋ ತೂಗುಹಾಕಿ ಎಲ್ಲರೂ ಎರಡು ಮಾತು ಆಡಿದರು. ಶೆಡ್ ಈಗ ಮಗಳ ಕೈಯಲ್ಲಿದೆ. ಹಳೇ ಮೇಸ್ತ್ರಿ "ಸಿಟ್ಟು ಬಂದ್ರೆ ಸಾಹುಕಾರ್ರು ಬೆಂಕಿ" ಅಂದ. ಸ್ಕೂಲ್ ಮೇಷ್ಟ್ರು "ಇರುವೆಯನ್ನೂ ಗದರಿದವರಲ್ಲ" ಅಂದರು. ಲಾರಿ ಡ್ರೈವರು ಇವರು ಹೇಳಿದ ಜೋಕು ನೆನೆದು ಹೊಟ್ಟೆ ಹಿಡಿದುಕೊಂಡು ನಕ್ಕ. ಜೋಕು? ಇವರೇ? ಕೇಳುತ್ತಾ ಕೂತವಳಿಗೆ ತಲೆ ಗಿರ್ರೆಂದಿತು. ಇವರೆಲ್ಲ ಯಾರ ಗಂಡನ ಬಗ್ಗೆ ಮಾತಾಡುತ್ತಿದ್ದಾರೆ? ಆ ಬೆಂಕಿ, ಆ ಸಾಧು, ಆ ಜೋಕಿನವರು, ಇವರಲ್ಲಿ ನನ್ನ ಜೊತೆ ಬಾಳಿದವರು ಯಾರು? ಅವರಿಗೆ ನಾನು ಹೆಂಡತಿಯೋ, ಅಡ್ಡ ನಿಂತವಳೋ?

"ಅಮ್ಮ, ನೀನೂ ಏನಾದ್ರು ಹೇಳು" ಎಂದಳು ಮಗಳು.

ಏನು ಹೇಳುವುದೆಂದು ತೋಚದೆ ಗಿಡ್ಡ ಬಾಗಿಲಿನ ಕಥೆ ಹೇಳಿದೆ. ಮಿಲಿಮೀಟರ್ ಕೂಡ ಒಮ್ಮೆ ಎಡವಿದ್ದರು, ಹಸಿ ಮರದ ಉದ್ದ ಕುಗ್ಗಿತ್ತು ಎಂದೆ. ನಗುತ್ತಾರೆ ಅಂದುಕೊಂಡರೆ ಯಾರೂ ನಗಲಿಲ್ಲ. ಮೇಸ್ತ್ರಿ ನನ್ನ ಮಗಳ ಮುಖ ನೋಡಿದ.

"ಉದ್ದ ಕುಗ್ಗಿತು ಅಂತ ಅಪ್ಪನೇ ಹೇಳಿದ್ರಾ?" ಎಂದಳು ಅವಳು.

"ಮತ್ತೆ ನಾನು ಕಟ್ಟಿ ಹೇಳ್ತೀನಾ?"

"ಮರ ಅಗಲಕ್ಕೆ ಕುಗ್ಗುತ್ತೆ ಅಮ್ಮ. ಉದ್ದಕ್ಕೆ ಕುಗ್ಗಲ್ಲ. ಕೆಲಸಕ್ಕೆ ಸೇರಿದವರಿಗೆ ಅಪ್ಪ ಹೇಳಿಕೊಡ್ತಿದ್ದ ಮೊದಲ ಪಾಠ ಅದು." ನನ್ನತ್ತ ಬಗ್ಗಿ, "ಅಜ್ಜನ ಮನೇಲಿ ಆ ಬಾಗಿಲು ಯಾರ ತಲೆಗೆ ಸರಿಯಾಗಿತ್ತು?" ಎಂದಳು.

ಮರದ ಪುಡಿಗೆ ಸೀನು ಬರುತ್ತದೆಂದು ಇವರಿದ್ದಷ್ಟು ಕಾಲ ಶೆಡ್ಡಿನ ಕಡೆ ಸುಳಿಯದವಳು ನಾನು. ಒಂದೇ ಒಂದು ದಿನ ಬಂದು ಕೂತಿದ್ದರೆ ಆ ಪಾಠ ನನ್ನ ಕಿವಿಗೂ ಬೀಳುತ್ತಿತ್ತು.

ಮನೆಗೆ ಬಂದವಳು ಸೀದಾ ಅಡುಗೆಮನೆ ದಾಟಿ ಆ ಬಾಗಿಲಲ್ಲಿ ನಿಂತೆ. ಬೆನ್ನು ನೆಟ್ಟಗೆ ಮಾಡಿ, ಹಿಮ್ಮಡಿಯನ್ನು ಹೊಸ್ತಿಲಿಗೆ ಒತ್ತಿದೆ. ಮದುವೆಯಾದ ಹೊಸದರಲ್ಲಿ ನನ್ನ ತಲೆಗೂ ಚೌಕಟ್ಟಿನ ಮೇಲಿನ ಪಟ್ಟಿಗೂ ನಡುವೆ ಒಂದು ಬೆರಳು ತೂರುತ್ತಿತ್ತು, ಅಷ್ಟೇ. ಈಗ ಕೈ ಇಟ್ಟು ನೋಡಿದರೆ ನಾಲ್ಕು ಬೆರಳೂ ಸಲೀಸಾಗಿ ತೂರಿದವು.

ಆ ಪಟ್ಟಿಯ ನಡುವೆ ಒಂದು ಕಡೆ ಮರ ಸವೆದು ನುಣುಪಾಗಿತ್ತು. ಇವರ ಹಣೆ ತಾಗಿ ತಾಗಿ ಆದದ್ದು. ಅದನ್ನು ಸವರಿದೆ, ಬಿಟ್ಟು ಬರಲು ಮನಸ್ಸಾಗಲಿಲ್ಲ.

"ಎಂಥಾ ಸುಳ್ಳು ಹೇಳಿದ್ರಿ ಕಣ್ರೀ" ಎಂದೆ, ಹಿತ್ತಲಿನತ್ತ ತಿರುಗಿ. "ಮರ ಎಲ್ಲಿ ಕುಗ್ಗಿದೆ? ಕುಗ್ಗಿರೋಳು ನಾನು."